ಸ್ಪಷ್ಟನೆ: ನಗಿಸಿದರೆ ಹೈಕು ಕೆಡುವುದಿಲ್ಲ

ದಿನನಿತ್ಯದ ಪಾಡನ್ನು ಮೂರು ಸಾಲಲ್ಲಿ ತಮಾಷೆಯಾಗಿ ಬರೆದರೆ ಅದು ಹೈಕುವಿಗೆ, ಅಂದರೆ ಜಪಾನಿನ ಮೂರು ಸಾಲಿನ ಪುಟ್ಟ ಪದ್ಯಕ್ಕೆ, ಮಾಡುವ ಅವಮಾನ, ಈಚಿನವರ ಹುಚ್ಚಾಟ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಹೈಕು ಹುಟ್ಟಿದ್ದೇ ಜಪಾನಿನ 'ಹೈಕಾಯ್' ಎಂಬ ಪದ್ಯಪರಂಪರೆಯಿಂದ. ಆ ಪದದ ಅರ್ಥವೇ ತಮಾಷೆ, ವಿನೋದ. 'ಹೈಕು' ಎಂಬ ಹೆಸರನ್ನು ಕವಿ ಮಾಸಾವೊಕಾ ಶಿಕಿ ಬಳಕೆಗೆ ತಂದದ್ದು 19ನೇ ಶತಮಾನದ ಕೊನೆಯಲ್ಲಿ.

ಒಂದು ಮಾತು ಮಾತ್ರ ನಿಜ. ಸಾಂಪ್ರದಾಯಿಕ ಹೈಕುವಿನಲ್ಲಿ ಋತುವನ್ನು ಸೂಚಿಸುವ ಪದ ಇರಬೇಕು. ಅದಿಲ್ಲದೆ ಮನುಷ್ಯರ ಸಣ್ಣಪುಟ್ಟ ದೌರ್ಬಲ್ಯಗಳನ್ನು ಹಿಡಿಯುವ ಪದ್ಯಕ್ಕೆ ಸೆನ್‌ರ್ಯು ಎನ್ನುತ್ತಾರೆ. ಅಳತೆ ಹೈಕುವಿನದೇ: ಮೂರು ಸಾಲಿಗೆ ಕ್ರಮವಾಗಿ 5-7-5 ಅಕ್ಷರ. 18ನೇ ಶತಮಾನದಲ್ಲಿ ಇಂಥ ಪದ್ಯಗಳನ್ನು ಆರಿಸುತ್ತಿದ್ದ ಕರಾಯ್ ಸೆನ್‌ರ್ಯು ಅವರಿಂದಲೇ ಈ ಹೆಸರು ಬಂತು. ಅವರ ಆಯ್ಕೆಗಳ ಸಂಕಲನ 1765ರಿಂದ ಹೊರಬರತೊಡಗಿತು. ಇದು ಈಚಿನ ಹುಚ್ಚಾಟ ಹೇಗಾಗುತ್ತೆ?

ನಾನು ಬರೆದದ್ದೊಂದು ನೋಡಿ:

ಐದೇ ನಿಮಿಷ
ಎಂದು ಕಣ್ಣು ಮುಚ್ಚಿದೆ
ಗಂಟೆ ಒಂಬತ್ತು

ಇಲ್ಲಿ ಋತು ಇಲ್ಲ, ಹೂವಿಲ್ಲ. ಆದರೆ ಕೊನೆಯ ಸಾಲಿಗೆ ಎದೆ ಧಸಕ್ಕೆನ್ನುತ್ತೆ, ಅಲ್ವಾ? ಸೆನ್‌ರ್ಯು ಅನ್ನಿ, ನಗೆ ಹೈಕು ಅನ್ನಿ. ಬರೆಯುವವರನ್ನು ಸುಮ್ನೆ ಹೆದರಿಸಬೇಡಿ.