ಲೈಬ್ರರಿಯ ಟಾಯ್ಲೆಟ್‌ನಲ್ಲಿ ಪ್ಯಾಡ್ ಯಾಕಿರಬಾರದು?

ಧಾರವಾಡದ ಸಪ್ತಾಪುರದ ಕಡೆ ಬೆಳಿಗ್ಗೆ ಒಂದು ಸುತ್ತು ಹಾಕಿ. ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಲಗುಬಗೆಯಲ್ಲಿ ಹೊರಟ ಹುಡುಗಿಯರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗಾಗಿ ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಬಂದು ಪಿಜಿಯಲ್ಲಿದ್ದು ಓದುವವರು. ಖಾಸಗಿ ರೀಡಿಂಗ್ ರೂಮಿಗೆ ದುಡ್ಡು ಕಟ್ಟಲು ಆಗದವರಿಗೆ ಸರ್ಕಾರಿ ಗ್ರಂಥಾಲಯವೇ ಗತಿ.

ಅಲ್ಲಿನ ಹೆಣ್ಣುಮಕ್ಕಳ ಟಾಯ್ಲೆಟ್‌ನಲ್ಲಿ ಪ್ಯಾಡ್ ಪುಕ್ಕಟೆ ಸಿಗಬೇಕು. ನನ್ನ ಮಾತು ಇಷ್ಟೇ.

"ಮೆಡಿಕಲ್ ಪಕ್ಕದಲ್ಲೇ ಇದೆಯಲ್ಲ, ತಂದ್ರಾಯ್ತು" ಅಂತೀರಾ? ಸೀಟು ಹಿಡಿದು ಓದಿದವರನ್ನು ಕೇಳಿ. ಫ್ಯಾನ್ ಕೆಳಗಿನ ಸೀಟು ಬಿಟ್ಟು ಅರ್ಧ ತಾಸು ಹೋದರೆ ಸಾಕು, ನಿಮ್ಮ ಪುಸ್ತಕ ಪಕ್ಕಕ್ಕೆ ಸರಿದಿರುತ್ತದೆ, ಅಲ್ಲಿ ಬೇರೆಯವರು ಕೂತಿರುತ್ತಾರೆ. ಡೇಟ್‌ಗಿಂತ ಮುಂಚೆ ಆಯಿತೋ, ಬ್ಯಾಗು ಹಿಂದಕ್ಕೆ ಅಡ್ಡ ಹಿಡಿದು ಎದ್ದು, ಪಕ್ಕದವಳ ಕಿವಿಯಲ್ಲಿ "ಅಕ್ಕಾ, ಪ್ಯಾಡ್ ಅದ ಏನ್ರಿ?" ಅಂತ ಕೇಳಬೇಕು. ಅವಳ ಹತ್ತಿರವೂ ಇಲ್ಲದಿದ್ದರೆ ಸೀದಾ ಪಿಜಿಗೆ. ನಾನೂ ಹಾಗೆ ಹೋಗಿದ್ದೇನೆ. ಪರೀಕ್ಷೆ ಹತ್ತಿರವಿದ್ದಾಗ ಓದು ತಪ್ಪಿದರೆ ಹೊಟ್ಟೆ ಉರಿಯುತ್ತದೆ. ಹೊಟ್ಟೆನೋವು ಬೇರೆ.

ದುಡ್ಡಿನ ಮಾತಾಡೋಣ. ಜನೌಷಧಿ ಕೇಂದ್ರಗಳಲ್ಲಿ 2019ರಿಂದ 'ಸುವಿಧಾ' ಪ್ಯಾಡ್ ಒಂದಕ್ಕೆ 1 ರೂಪಾಯಿ. ದಿನಕ್ಕೆ 50 ಹೋದರೂ ತಿಂಗಳಿಗೆ 1,500. ನಾವು ಮನೆ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯದ ಸೆಸ್ ಕಟ್ಟುತ್ತೇವೆ, ಅಲ್ವಾ? ಅದರಲ್ಲಿ ಇದಕ್ಕಿಷ್ಟು ತೆಗೆದಿಟ್ಟರೆ ಯಾರ ಗಂಟು ಹೋಗುತ್ತದೆ?

ಸರ್ಕಾರಕ್ಕೂ ಇದು ಹೊಸದಲ್ಲ. ಶುಚಿ ಯೋಜನೆಯಲ್ಲಿ ಸರ್ಕಾರಿ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ ಪ್ಯಾಡ್ ಕೊಡುತ್ತಾರೆ. ಆದರೆ ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಅಪ್ಪನ ಹತ್ತಿರ ಖರ್ಚಿಗೆ ಕೇಳಲೂ ಮುಜುಗರಪಡುವ 24ರ ಹುಡುಗಿ ಆ ಲೆಕ್ಕಕ್ಕೆ ಬರುವುದಿಲ್ಲ.

ಸ್ಕಾಟ್ಲೆಂಡ್‌ನಲ್ಲಿ 2020ರಲ್ಲಿ ಇದಕ್ಕೆ ಕಾನೂನೇ ಪಾಸಾಯಿತು, 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಬೇಕಾದವರಿಗೆಲ್ಲ ಪುಕ್ಕಟೆ ಕೊಡಬೇಕು. ಲೈಬ್ರರಿಗಳಲ್ಲೂ ಇಡುತ್ತಾರೆ. ಸುಲಭವಾಗಿ ಸಿಗಬೇಕು, ತೆಗೆದುಕೊಳ್ಳುವವರ ಮಾನಕ್ಕೆ ಕುಂದಾಗಬಾರದು ಅನ್ನುವುದೂ ಆ ಕಾನೂನಿನಲ್ಲೇ ಇದೆ. ನನಗೆ ಹಿಡಿಸಿದ್ದು ಅದು.

ನಮ್ಮಲ್ಲಿ ಎಡವುವುದೂ ಅಲ್ಲೇ. ಕೌಂಟರ್‌ನಲ್ಲಿಟ್ಟು "ರಿಜಿಸ್ಟರ್‌ನಲ್ಲಿ ಹೆಸರು ಬರೀರಿ" ಅಂದರೆ ಯಾವ ಹುಡುಗಿಯೂ ಹೋಗುವುದಿಲ್ಲ. ನಾಣ್ಯ ಹಾಕುವ ಯಂತ್ರವೂ ಬೇಡ. ಒಂದು ಕಡೆ ನೋಡಿದ್ದೆ: ಉದ್ಘಾಟಿಸಿದವರ ಹೆಸರು ದೊಡ್ಡದಾಗಿತ್ತು, ಒಳಗೆ ಪ್ಯಾಡ್ ಇರಲಿಲ್ಲ, ಯಂತ್ರಕ್ಕೆ ಕಸಬರಿಗೆ ಒರಗಿಸಿದ್ದರು. ಟಾಯ್ಲೆಟ್ ಒಳಗೆ ಸಾದಾ ಪ್ಲಾಸ್ಟಿಕ್ ಡಬ್ಬಿ ಸಾಕು. ಜೊತೆಗೆ ಮುಚ್ಚಳದ ಕಸದ ಬುಟ್ಟಿ, ಸುತ್ತಿ ಹಾಕಲು ಹಳೇ ಪೇಪರ್ (ಲೈಬ್ರರಿಯಲ್ಲಿ ಅದಕ್ಕೇನೂ ಬರವಿಲ್ಲ), ಸರಿಯಾಗಿ ಬೀಳುವ ಚಿಲಕ. ನಮ್ಮೂರಿನ ನಲ್ಲಿ ನೀರಿನ ಪಾಡು ಗೊತ್ತಲ್ಲ, ತುಂಬಿಸಿಟ್ಟ ಒಂದು ಡ್ರಮ್ಮೂ ಇರಲಿ.

"ಪೂರಾ ಪ್ಯಾಕೆಟ್ಟೇ ಒಯ್ದರೆ?" ಒಯ್ಯಲಿ ಬಿಡಿ. ರೂಮಿನಲ್ಲಿ ಇನ್ನೊಬ್ಬಳಿಗೆ ಬೇಕಾಗಿರುತ್ತದೆ. ದಿನಾ ಸಿಗುತ್ತದೆ ಅಂತ ನಂಬಿಕೆ ಬಂದರೆ ಸುಮ್ನೆ ಕೂಡಿಡುವವರು ಯಾರು?

ಮನವಿ ಬರೆದಿದ್ದೇವೆ. ಈ ವಾರ ಗ್ರಂಥಾಲಯಕ್ಕೆ ಹೋಗಿ ಕೊಡುತ್ತೇವೆ. ಜೊತೆಗೆ ಬರುವವರು ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಹುಡುಗರೂ ಬರಬಹುದು.