ಹದಿನಾರನೇ ಹುಲಿ

ವಾರವಿಡೀ ಆಫೀಸಿನಲ್ಲಿ ಲೆಕ್ಕದ ಪಟ್ಟಿಗಳ ಮುಂದೆ ಕೂತು, ಭಾನುವಾರ ಸಂಜೆ ಯಾರದೋ ಮಗುವಿನ ಗದ್ದ ಹಿಡಿದುಕೊಂಡು "ಅಲುಗಾಡಬೇಡ ಪುಟ್ಟಾ, ಮೀಸೆ ಬರೀತಿದ್ದೀನಿ" ಅನ್ನುವುದು ನನ್ನ ಎರಡನೇ ಕೆಲಸ. ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತೇನೆ. ಶುರು ಮಾಡಿದಾಗ ತಲೆಯಲ್ಲಿ ಏನೇನೋ ಇತ್ತು. ಹಣೆ ತುಂಬ ನವಿಲುಗರಿ, ಕೆನ್ನೆ ಮೇಲೆ ಇಡೀ ಸಮುದ್ರ, ಅದರೊಳಗೊಂದು ತಿಮಿಂಗಿಲ. ಮೊದಲು ಬಂದ ಹುಡುಗ ಹುಲಿ ಕೇಳಿದ. ಅವನನ್ನು ನೋಡಿ ಎರಡನೆಯವನೂ ಹುಲಿ ಅಂದ. ಆಮೇಲಿನದು ಕೇಳಬೇಡಿ.

ಒಂದು ಹುಲಿಗೆ ಸುಮಾರು 5 ನಿಮಿಷ ಬೇಕು. ಅಂದರೆ ಗಂಟೆಗೆ 12 ಮಕ್ಕಳು, ಅದೂ ಯಾರೂ ಸೀನದಿದ್ದರೆ. ಕರೆಯುವವರು ಮಾತ್ರ "25 ಮಕ್ಕಳು ಅಷ್ಟೇ ಮೇಡಂ, ಒಂದು ಗಂಟೆ ಸಾಕಲ್ವಾ?" ಅನ್ನುತ್ತಾರೆ. ಆಫೀಸಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹುಲಿಗೂ ಒಂದು ಕ್ರಮ ಇದೆ. ಸ್ಪಂಜು ಸ್ವಲ್ಪ ಮಾತ್ರ ಒದ್ದೆ ಇರಬೇಕು, ನೀರು ಜಾಸ್ತಿಯಾದರೆ ಬಣ್ಣ ಕೊರಳಿಗೆ ಇಳಿಯುತ್ತದೆ. ನಡುವೆ ಹಳದಿ, ಅಂಚಿಗೆ ಕಿತ್ತಳೆ, ಹುಬ್ಬಿನ ಮೇಲೂ ಬಾಯಿಯ ಸುತ್ತಲೂ ಬಿಳಿ. ಕಪ್ಪು ಕೊನೆಗೆ. ಪಟ್ಟೆ ಎಳೆಯುವಾಗ ಬ್ರಷ್ ಅನ್ನು ಮುಖದ ಅಂಚಿನಲ್ಲಿ ಒತ್ತಿ, ಮೂಗಿನ ಕಡೆಗೆ ಎಳೆಯುತ್ತಾ ಮೆಲ್ಲಗೆ ಎತ್ತಬೇಕು, ಆಗ ತುದಿ ತಾನಾಗಿಯೇ ಚೂಪಾಗುತ್ತದೆ. ಇದು ಕೈಗೆ ಹತ್ತುವ ತನಕ ನನ್ನ ಹುಲಿಗಳು ಬೆಕ್ಕುಗಳಾಗಿದ್ದವು, ಕೆಲವು ಬೆಕ್ಕೂ ಅಲ್ಲ. ಮಗು ಅಲುಗಾಡಿತು ಅನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಜಗಳಗಂಟಿ. ಮನೆಯಲ್ಲಿ ಮಕ್ಕಳ ಅಕ್ರಿಲಿಕ್ ಬಣ್ಣ ಇದೆ, ಡಬ್ಬಿ ಮೇಲೆ ವಿಷ ಇಲ್ಲ ಅಂತ ಬರೆದಿದೆ, ಅದನ್ನೇ ಹಚ್ಚಿ ಅಂದವರಿದ್ದಾರೆ. ವಿಷ ಇಲ್ಲದಿದ್ದರೆ ಸಾಲದು, ಚರ್ಮಕ್ಕೆಂದೇ ಮಾಡಿದ ಬಣ್ಣ ಆಗಿರಬೇಕು. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರದ ಹಾಗೆ ಕಚ್ಚಿಕೊಳ್ಳುತ್ತದೆ, ಕಿತ್ತರೆ ಚರ್ಮವೂ ಉರಿಯುತ್ತದೆ. ನೀರು ಹಾಕಿ ಕಲಸುವ ಮುಖದ ಬಣ್ಣವಾದರೆ ಸೋಪು ನೀರಿಗೆ ಹೋಗುತ್ತದೆ. ಕರಕುಶಲದ ಮಿನುಗು ಪುಡಿಯೂ ಬೇಡ, ಅದರ ಚೂರು ಕಣ್ಣಿಗೆ ಬಿದ್ದರೆ ಗೀರುತ್ತದೆ. ಒಗ್ಗುತ್ತದೋ ಇಲ್ಲವೋ ಅಂತ ಅನುಮಾನ ಇದ್ದರೆ ಹಿಂದಿನ ದಿನವೇ ಮಗುವಿನ ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ 24 ಗಂಟೆ ನೋಡುವುದು ಒಳ್ಳೆಯದು. ಸ್ಪಂಜು ಒಬ್ಬರಿಗೆ ಒಂದೇ. ಮನೆಗೆ ಬಂದ ಮೇಲೆ ಸ್ಪಂಜುಗಳ ರಾಶಿ ತೊಳೆಯುವಾಗ ಈ ನಿಯಮ ಮಾಡಿದವರ ಮೇಲೆ ಸಿಟ್ಟು ಬರುತ್ತದೆ. ಮಾಡಿದವಳು ನಾನೇ.

ಹುಲಿಗಳ ವಿಷಯ ಹೇಳುತ್ತಿದ್ದೆ. ಮೊದಮೊದಲು ಬೇಜಾರಾಗುತ್ತಿತ್ತು, ಇದರಲ್ಲಿ ಕಲೆ ಎಲ್ಲಿ ಬಂತು, ಅಚ್ಚು ಒತ್ತಿದ ಹಾಗಲ್ವಾ ಅಂತ. ಆದರೆ ಕಾಗದ ನಗುವುದಿಲ್ಲ, ಮುಖ ನಗುತ್ತದೆ. ಒಬ್ಬನಿಗೆ ಗುಳಿ ಬೀಳುವ ಕೆನ್ನೆ, ನಕ್ಕಾಗಲೆಲ್ಲ ಒಂದು ಪಟ್ಟೆ ಒಳಗೆ ಹೋಗಿ ಅಡಗಿಕೊಳ್ಳುತ್ತದೆ. ಇನ್ನೊಬ್ಬಳ ಹುಬ್ಬು ಮೇಲಕ್ಕೇ ಇರುತ್ತದೆ, ಅವಳ ಹುಲಿಗೆ ಯಾವಾಗಲೂ ಆಶ್ಚರ್ಯ. ಮುಂದಿನ ಹಲ್ಲು ಬಿದ್ದವನು ಘರ್ಜಿಸಿದರೆ ಬರೀ ಗಾಳಿ ಬರುತ್ತದೆ. ಹಾಗಾಗಿ ಒಂದೇ ಹುಲಿಯನ್ನು ಎರಡು ಸಲ ಬರೆಯಲು ನನ್ನಿಂದ ಇವತ್ತಿಗೂ ಆಗಿಲ್ಲ. ಮೂರು ವರ್ಷದೊಳಗಿನವರ ಮಾತು ಬೇರೆ. ತಣ್ಣನೆ ಸ್ಪಂಜು ತಾಗಿದ ಕೂಡಲೇ ಅರ್ಧ ಹುಲಿಯಾಗಿ ಓಡಿಹೋಗುತ್ತಾರೆ.

ಒಮ್ಮೆ ಹದಿನೈದು ಹುಲಿಗಳಾದ ಮೇಲೆ ಒಬ್ಬಳು ಹುಡುಗಿ ಬಂದು ಕೂತಳು. ಅಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದವಳು. ಹತ್ತಿರದಿಂದ ನೋಡಿದರೆ ಕೆನ್ನೆ ತುಂಬ ಕೆಂಪು ಗುಳ್ಳೆಗಳು. ಅಂಥ ಚರ್ಮದ ಮೇಲೆ ಬಣ್ಣ ಹಚ್ಚುವ ಹಾಗಿಲ್ಲ. "ನಂಗೂ ಹುಲಿ ಆಂಟಿ" ಅಂದಳು. ಗುಳ್ಳೆಯ ಮಾತು ಎತ್ತದೆ, ಹುಲಿ ಜಾಸ್ತಿಯಾಗಿವೆ, ಇನ್ನೊಂದು ಪ್ರಾಣಿ ಹೇಳು, ಅದು ಕೈ ಮೇಲೆ ಮಾತ್ರ ಇರುವಂಥದ್ದು ಅಂದೆ. ನನ್ನನ್ನು ಒಂಥರಾ ನೋಡಿದಳು, ನಂಬಿದಳೋ ಇಲ್ಲವೋ ಗೊತ್ತಿಲ್ಲ. ಬಸವನಹುಳು ಅಂದಳು.

ನಾನು ಅದುವರೆಗೆ ಬಸವನಹುಳು ಬರೆದೇ ಇರಲಿಲ್ಲ. ಹತ್ತು ನಿಮಿಷ ಹಿಡಿಯಿತು. ಹೆಬ್ಬೆರಳ ಬುಡದಲ್ಲಿ ಚಿಪ್ಪು, ನಡುಬೆರಳಿನ ಮೇಲೆ ಕತ್ತು, ಬೆರಳು ಮಡಚಿದರೆ ಹುಳು ತಲೆ ಬಗ್ಗಿಸುತ್ತಿತ್ತು. ಅವಳು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೂಲೆಯಲ್ಲಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಹದಿನೈದು ಹುಲಿಗಳೂ ಸದ್ದಿಲ್ಲದೆ ಸಾಲು ನಿಂತು, ಒಂದೊಂದಾಗಿ ಬಸವನಹುಳು ನೋಡಿಕೊಂಡು ಹೋದವು.