ಬ್ಲೀಚಿಂಗ್ ಪುಡಿ ನಿಷೇಧಿತ ಅಸ್ತ್ರವಲ್ಲ: ಯಾದಗಿರಿ ಗುಂಪುಗಳಲ್ಲಿನ ಸಂದೇಶಕ್ಕೆ ಸ್ಪಷ್ಟನೆ

‘ಕ್ಲೋರಿನ್ ಅನ್ನು ಜಗತ್ತೇ ನಿಷೇಧಿಸಿದೆ, ಅದನ್ನೇ ನಮ್ಮ ನೀರಿನ ಟ್ಯಾಂಕಿಗೆ ಹಾಕುತ್ತಿದ್ದಾರೆ, ನಲ್ಲಿ ನೀರು ಕುಡಿಯಬೇಡಿ’ ಎಂಬ ಸಂದೇಶ ಯಾದಗಿರಿ, ಶಹಾಪುರ, ಸುರಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಟ್ಯಾಂಕಿಗೆ ಹಾಕುವುದು ಬ್ಲೀಚಿಂಗ್ ಪುಡಿ, ಅದರಿಂದ ನೀರಿಗೆ ಸೇರುವುದು ಕ್ಲೋರಿನ್.

ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟದ್ದು ನಿಜ. ಸಂದೇಶದ ಹಿಂದೆ ನಿಜವಿರುವುದು ಅಷ್ಟೇ. 1997ರ ಏಪ್ರಿಲ್ 29ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ನೋಡುವುದು ಉದ್ದೇಶವನ್ನು. ಅದರ 2ನೇ ವಿಧಿಯ ಪ್ರಕಾರ, ಜನರನ್ನು ಕೊಲ್ಲಲು ಅಥವಾ ಹಾನಿ ಮಾಡಲು ಬಳಸಿದರೆ ಕ್ಲೋರಿನ್ ಕೂಡ ಅಸ್ತ್ರ. ಕೈಗಾರಿಕೆ, ಕೃಷಿ, ವೈದ್ಯಕೀಯದಂತಹ ಶಾಂತಿಯುತ ಬಳಕೆಗೆ ಅಡ್ಡಿಯಿಲ್ಲ. ನಿಗಾ ಇಡಬೇಕಾದ ರಾಸಾಯನಿಕಗಳ ಮೂರು ಪಟ್ಟಿಗಳಲ್ಲಿ ಸಾರಿನ್, ಮಸ್ಟರ್ಡ್ ಅನಿಲ, ಫಾಸ್ಜೀನ್‌ನಂತಹ ವಿಷಗಳು ಇವೆ, ಕ್ಲೋರಿನ್ ಇಲ್ಲ. ಭಾರತ 1996ರಲ್ಲೇ ಒಪ್ಪಂದವನ್ನು ಅನುಮೋದಿಸಿ, 2000ದಲ್ಲಿ ಅದಕ್ಕಾಗಿ ಕಾಯ್ದೆ ಮಾಡಿ, ಘೋಷಿಸಿದ್ದ ತನ್ನ ರಾಸಾಯನಿಕ ಅಸ್ತ್ರಗಳ ದಾಸ್ತಾನನ್ನು 2009ರಲ್ಲಿ ಪೂರ್ತಿ ನಾಶ ಮಾಡಿದೆ.

ನಮ್ಮ ಕುಡಿಯುವ ನೀರಿನ ಮಾನದಂಡವೇ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ಶುದ್ಧೀಕರಿಸಿದ ಮೇಲೂ ನೀರಿನಲ್ಲಿ ಉಳಿಯುವ ಕ್ಲೋರಿನ್) ಇರಬೇಕು ಎನ್ನುತ್ತದೆ. ಕಾಲರಾ, ವಾಂತಿಭೇದಿಯ ರೋಗಾಣುಗಳನ್ನು ಕೊಲ್ಲುವುದು ಅದೇ. ಈ ಸಂದೇಶ ನಂಬಿ ಯಾರಾದರೂ ತೆರೆದ ಬಾವಿಯ ನೀರಿಗೆ ಮರಳಿದರೆ ಮೊದಲು ಹಾಸಿಗೆ ಹಿಡಿಯುವುದು ಮಕ್ಕಳು. ನನ್ನ ಆತಂಕ ಅದೇ.

ಒಂದು ಎಚ್ಚರ ಮಾತ್ರ ಅಗತ್ಯ: ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆ್ಯಸಿಡ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.